ಓಟಿಲ್ಲದವರು ಆರಿಸಿದ ರಾಷ್ಟ್ರಪತಿ

ರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ನಿಮ್ಮಂಥವರಿಗೆ ಓಟಿಲ್ಲ. ಸಂಸದರು ಮತ್ತು ಶಾಸಕರು ಓಟು ಹಾಕುತ್ತಾರೆ, ನಾವು ಟೀವಿಯಲ್ಲಿ ಫಲಿತಾಂಶ ನೋಡಿ ಊಟಕ್ಕೆ ಏಳುತ್ತೇವೆ. ಐದು ವರ್ಷಕ್ಕೊಮ್ಮೆ ಸದ್ದಿಲ್ಲದೆ ಬಂದು ಹೋಗುವ ಚುನಾವಣೆ ಅದು. ಆದರೆ 1969ರಲ್ಲಿ ಹಾಗಾಗಲಿಲ್ಲ. ಆ ವರ್ಷದ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ಚುನಾವಣೆ ಬೀದಿಗೆ ಬಂದಿತ್ತು. ಟ್ಯಾಕ್ಸಿ ಓಡಿಸುವವರು, ಬ್ಯಾಂಕಿನ ಗುಮಾಸ್ತರು, ಹೋಟೆಲಿನ ಹುಡುಗರು ಎಲ್ಲರೂ ತಮಗೇ ಓಟಿದೆಯೇನೋ ಎಂಬಂತೆ ವಾದ ಮಾಡುತ್ತಿದ್ದರು. ನಾನು ಆ ವಾದಗಳ ನಡುವೆಯೇ ಇದ್ದವನು. ಹಾಗಾಗಿ ಈ ಸಲ ಅದರ ಕಥೆ.

ನನ್ನ ಪರಿಚಯ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ದಕ್ಷಿಣ ಕನ್ನಡದಿಂದ 1964ರಲ್ಲಿ ಮುಂಬಯಿಗೆ ಬಂದಾಗ ನನಗೆ ಹದಿನೈದು ವರ್ಷ. ಹಗಲು ಫೋರ್ಟಿನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ಒಂದು ಬ್ಯಾಂಕಿನಲ್ಲಿ ಪ್ಯೂನ್ ಕೆಲಸ ಸಿಕ್ಕಿತು. 1969ರಲ್ಲಿ ನನಗೆ ಇಪ್ಪತ್ತು. ಆಗ ಮತದಾನಕ್ಕೆ 21 ವರ್ಷ ಆಗಿರಬೇಕಿತ್ತು (18ಕ್ಕೆ ಇಳಿದದ್ದು 1989ರಲ್ಲಿ). ಅಂದರೆ ನನಗೆ ಕಾರ್ಪೊರೇಶನ್ ಚುನಾವಣೆಯಲ್ಲೂ ಓಟಿರಲಿಲ್ಲ, ರಾಷ್ಟ್ರಪತಿಯದಂತೂ ದೂರದ ಮಾತು!

ಮೊದಲು ಗಿರಿಯವರ ವಿಷಯ. ವರಾಹಗಿರಿ ವೆಂಕಟಗಿರಿ ಹುಟ್ಟಿದ್ದು 1894ರ ಆಗಸ್ಟ್ 10ರಂದು, ಈಗಿನ ಒಡಿಶಾದ ಬರ್ಹಾಂಪುರದ ತೆಲುಗು ಕುಟುಂಬದಲ್ಲಿ. ಐರ್ಲೆಂಡಿನ ಡಬ್ಲಿನ್‌ನಲ್ಲಿ ಕಾನೂನು ಓದಲು ಹೋಗಿ, ಅಲ್ಲಿಯ ಸ್ವಾತಂತ್ರ್ಯ ಹೋರಾಟಗಾರರ ಸಹವಾಸದಿಂದ 1916ರಲ್ಲಿ ದೇಶ ಬಿಡಬೇಕಾಗಿ ಬಂತು. ಊರಿಗೆ ಬಂದವರು ಬಂಗಾಳ ನಾಗಪುರ ರೈಲ್ವೆಯ ಕಾರ್ಮಿಕರ ಸಂಘ ಕಟ್ಟಿದರು. ಅಖಿಲ ಭಾರತ ರೈಲ್ವೆ ಕಾರ್ಮಿಕರ ಫೆಡರೇಶನ್ನಿನ ಮುಂದಾಳುಗಳಲ್ಲಿ ಒಬ್ಬರಾದರು. ಎಐಟಿಯುಸಿಗೆ ಎರಡು ಸಲ ಅಧ್ಯಕ್ಷರಾದರು. 1952ರಲ್ಲಿ ನೆಹರೂ ಅವರನ್ನು ಕೇಂದ್ರದ ಕಾರ್ಮಿಕ ಮಂತ್ರಿ ಮಾಡಿದರು.

ಬ್ಯಾಂಕಿನವರಿಗೆ ಗಿರಿ ಯಾಕೆ ನಮ್ಮವರು ಅನಿಸುತ್ತಿದ್ದರು ಎಂಬುದು ಅರ್ಥವಾಗಬೇಕಾದರೆ 1954ಕ್ಕೆ ಹೋಗಬೇಕು. ಬ್ಯಾಂಕ್ ನೌಕರರ ಸಂಬಳದ ಜಗಳ ಆಗ ವರ್ಷಗಟ್ಟಲೆ ಟ್ರಿಬ್ಯೂನಲ್ಲುಗಳಲ್ಲಿ ನಡೆದಿತ್ತು. ಕೊನೆಗೆ ಮೇಲ್ಮನವಿ ಟ್ರಿಬ್ಯೂನಲ್ ಕೊಟ್ಟ ತೀರ್ಪನ್ನು ಸರಕಾರ ತಿದ್ದಿ ನೌಕರರಿಗೆ ಸಿಗಬೇಕಾದ್ದನ್ನು ಕಡಿಮೆ ಮಾಡಿತು. ಕಾರ್ಮಿಕ ಮಂತ್ರಿಯಾಗಿದ್ದ ಗಿರಿ, ಕೊಟ್ಟ ತೀರ್ಪನ್ನು ಸರಕಾರವೇ ಮುರಿಯುವುದಾದರೆ ತಾನು ಈ ಕುರ್ಚಿಯಲ್ಲಿ ಇರಲಾರೆ ಎಂದು ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಆಯೋಗದ ಶಿಫಾರಸಿನಿಂದ ಕಳೆದುಕೊಂಡದ್ದರಲ್ಲಿ ಬಹುಪಾಲು ವಾಪಸು ಬಂತು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಬ್ರಾಂಚಿನ ಹಿರಿಯ ಗುಮಾಸ್ತರು ಈ ಕಥೆಯನ್ನು ಹರಿಕಥೆಯಂತೆ ಹೇಳುತ್ತಿದ್ದರು. "ನಮಗಾಗಿ ಮಂತ್ರಿಗಿರಿ ಬಿಟ್ಟ ಮನುಷ್ಯ ಮಾರಾಯ, ಬೇರೆ ಯಾರಾದರೂ ಬಿಟ್ಟದ್ದುಂಟಾ?" ಎಂದು ಒಬ್ಬರು ಕೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ.

ಆಮೇಲೆ ಗಿರಿ ಉತ್ತರ ಪ್ರದೇಶ, ಕೇರಳ, ನಂತರ 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದರು. 1967ರಲ್ಲಿ ಉಪರಾಷ್ಟ್ರಪತಿಯಾದರು. 1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡಾಗ ಹಂಗಾಮಿ ರಾಷ್ಟ್ರಪತಿಯಾದರು.

ಇನ್ನು ನಾಟಕದ ಮೊದಲ ಅಂಕ ಬೆಂಗಳೂರಿನದು. ಆ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಅವರು, ಕಾಮರಾಜ್, ಮೊರಾರ್ಜಿ ದೇಸಾಯಿ, ಮುಂಬಯಿಯ ಎಸ್.ಕೆ. ಪಾಟೀಲ್ ಮೊದಲಾದ ಹಿರಿಯರ ಗುಂಪಿಗೆ ಪತ್ರಿಕೆಯವರು ಇಟ್ಟ ಹೆಸರು ಸಿಂಡಿಕೇಟ್. ಈ ಗುಂಪು ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಅಭ್ಯರ್ಥಿ ಮಾಡಲು ಹೊರಟಿತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಮ್ ಅವರ ಹೆಸರು ಸೂಚಿಸಿದರು. ಜುಲೈ 12ರಂದು ಪಾರ್ಲಿಮೆಂಟರಿ ಬೋರ್ಡಿನಲ್ಲಿ ಬಹುಮತ ರೆಡ್ಡಿಯವರ ಕಡೆ ಬಿತ್ತು. ಮರುದಿನವೇ ಗಿರಿ ತಾನು ಪಕ್ಷೇತರನಾಗಿ ನಿಲ್ಲುತ್ತೇನೆ ಎಂದು ಘೋಷಿಸಿದರು.

ಮುಂದಿನ ಒಂದು ವಾರ ರೈಲಿನ ವೇಗದಲ್ಲಿ ಓಡಿತು. ಜುಲೈ 16ರಂದು ಇಂದಿರಾ ಮೊರಾರ್ಜಿಯವರಿಂದ ಹಣಕಾಸು ಖಾತೆ ಕಿತ್ತುಕೊಂಡರು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಟಿತು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನ, 20ನೇ ತಾರೀಕು, ಅವರು ರಾಜೀನಾಮೆ ಕೊಟ್ಟು ಚುನಾವಣೆಗೆ ಇಳಿದರು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಕೆಲವು ವಾರ ರಾಷ್ಟ್ರಪತಿಯ ಕೆಲಸ ನೋಡಿಕೊಂಡರು.

50 ಕೋಟಿ ರೂಪಾಯಿಗಿಂತ ಹೆಚ್ಚು ಠೇವಣಿ ಇದ್ದ ಆ 14 ಬ್ಯಾಂಕುಗಳಲ್ಲಿ ಎರಡು ನಮ್ಮ ಕರಾವಳಿಯವು, ಕೆನರಾ ಮತ್ತು ಸಿಂಡಿಕೇಟ್. (ನಿಜಲಿಂಗಪ್ಪನವರ ಸಿಂಡಿಕೇಟ್ ಬೇರೆ, ಉಡುಪಿಯಲ್ಲಿ ಹುಟ್ಟಿದ ಈ ಸಿಂಡಿಕೇಟ್ ಬೇರೆ! ಆಗ ನಮ್ಮ ಖೋಲಿಯಲ್ಲಿ ಇದು ದಿನಾ ಸಂಜೆಯ ತಮಾಷೆ.) ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಶುರು ಮಾಡಿದ ಬ್ಯಾಂಕು ಒಂದು, ಮನೆಮನೆಗೆ ಹೋಗಿ ಪಿಗ್ಮಿ ಸಂಗ್ರಹಿಸಿ ಬೆಳೆದ ಬ್ಯಾಂಕು ಇನ್ನೊಂದು. ಊರಿನವರು ಕಟ್ಟಿ ಬೆಳೆಸಿದ್ದು ದಿಲ್ಲಿಯ ಪಾಲಾಯಿತಲ್ಲ ಎಂದು ಊರಲ್ಲಿ ಬೇಸರ ಪಟ್ಟವರೂ ಇದ್ದರು. ಆದರೆ ಒಳಗೆ ಕೆಲಸ ಮಾಡುವವರಿಗೆ ಅದು ಹಬ್ಬ. ಬ್ಯಾಂಕ್ ನೌಕರರ ಅಖಿಲ ಭಾರತ ಸಂಘ 1946ರಲ್ಲಿ ಹುಟ್ಟಿದ್ದು, ರಾಷ್ಟ್ರೀಕರಣ ಅವರ ಹಳೆಯ ಬೇಡಿಕೆ.

ದಿಲ್ಲಿಯಲ್ಲಿ ಪ್ರಧಾನಿಯ ಮನೆ, ಸಫ್ದರ್‌ಜಂಗ್ ರಸ್ತೆಯ 1ನೇ ನಂಬರ್ ಬಂಗಲೆಯ ಮುಂದೆ ದಿನಾ ಜನ ಸೇರತೊಡಗಿದರು. ಟ್ಯಾಕ್ಸಿಯವರು, ಆಟೋರಿಕ್ಷಾದವರು, ಸಣ್ಣ ವ್ಯಾಪಾರಿಗಳು, ಬ್ಯಾಂಕ್ ನೌಕರರು. ಆವರೆಗೆ ಬ್ಯಾಂಕಿನ ಮೆಟ್ಟಿಲು ಹತ್ತದವರಿಗೂ ಇನ್ನು ಸಾಲ ಸಿಗುತ್ತದೆ, ಬಾಡಿಗೆ ಗಾಡಿ ಬಿಟ್ಟು ಸ್ವಂತ ಗಾಡಿ ಮಾಡಬಹುದು ಎಂಬ ಆಸೆ ಹುಟ್ಟಿತ್ತು. ಆ ಜನರನ್ನು ಕರೆತಂದು ನಿಲ್ಲಿಸಿದ್ದು ಎಂದು ವಿರೋಧಿಗಳು ಹೇಳಿದರು. ಕರೆತಂದವರೂ ಇದ್ದಿರಬಹುದು. ಆದರೆ ದಿಲ್ಲಿಗೆ ಯಾರೂ ಕರೆದೊಯ್ಯದ ನಮ್ಮಂಥವರಲ್ಲೂ ಅದೇ ಉತ್ಸಾಹ ಇತ್ತಲ್ಲ, ಅದನ್ನು ಯಾರು ತಂದದ್ದು?

ಮುಂಬಯಿಯಲ್ಲಿ ಜಗಳ ಇನ್ನೂ ಸ್ವಾರಸ್ಯವಾಗಿತ್ತು. ಮೂರು ಮುಖ್ಯ ಅಭ್ಯರ್ಥಿಗಳಲ್ಲಿ ಇಬ್ಬರು ತೆಲುಗರು, ಮೂರನೆಯವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ಬೆಂಬಲ ಪಡೆದ ಚಿಂತಾಮಣರಾವ್ ದೇಶಮುಖ್. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಅವರು. ಮುಂಬಯಿಯನ್ನು ಮಹಾರಾಷ್ಟ್ರಕ್ಕೆ ಕೊಡದೆ ಕೇಂದ್ರಾಡಳಿತಕ್ಕೆ ಒಳಪಡಿಸುವ ಪ್ರಸ್ತಾಪ ಬಂದಾಗ 1956ರಲ್ಲಿ ಕೇಂದ್ರದ ಹಣಕಾಸು ಮಂತ್ರಿಗಿರಿ ಬಿಟ್ಟವರು. ನಮ್ಮ ಚಾಳಿನ ಮರಾಠಿ ಕಾಕಾ ಒಬ್ಬರಿಗೆ ಬ್ಯಾಂಕಿನ ರಾಷ್ಟ್ರೀಕರಣವೂ ಬೇಡ, ಜನಸಂಘವೂ ಬೇಡ, ದೇಶಮುಖರು ಮಾತ್ರ ಬೇಕು! "ಮುಂಬಯಿಗಾಗಿ ಕುರ್ಚಿ ಬಿಟ್ಟವರು" ಎನ್ನುತ್ತಿದ್ದರು. ಕುರ್ಚಿ ಬಿಟ್ಟವರನ್ನು ಜನ ಎಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಾರೆ ನೋಡಿ. ಒಬ್ಬರು 1954ರಲ್ಲಿ ಬಿಟ್ಟದ್ದು, ಇನ್ನೊಬ್ಬರು 1956ರಲ್ಲಿ. ಎರಡನ್ನೂ ಜನ 1969ರಲ್ಲಿ ನಿನ್ನೆಯದೆಂಬಂತೆ ಮಾತಾಡುತ್ತಿದ್ದರು.

ನಮ್ಮ ಖೋಲಿಯಲ್ಲಿ ಎಂಟು ಜನ. ಅದರಲ್ಲಿ ದಾವಣಗೆರೆ ಕಡೆಯ ಒಬ್ಬ ಅಣ್ಣನಿಗೆ ನಿಜಲಿಂಗಪ್ಪನವರ ಮಾತೇ ಕೊನೆ. "ಕರ್ನಾಟಕ ಒಂದು ಮಾಡಿದವರು ಅವರು. ಅವರು ರೆಡ್ಡಿ ಅಂದ್ರೆ ರೆಡ್ಡಿ" ಎಂದು ಚಾಪೆ ಕೊಡವುತ್ತಿದ್ದರು. ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಹರಿದು ಹಂಚಿಹೋಗಿದ್ದ ಕನ್ನಡ ನಾಡು 1956ರಲ್ಲಿ ಒಂದಾದಾಗ ಮೊದಲ ಮುಖ್ಯಮಂತ್ರಿಯಾದವರು ನಿಜಲಿಂಗಪ್ಪ. ಪರವೂರಲ್ಲಿ ಇರುವವರಿಗೆ ಅದು ಸಣ್ಣ ಸಂಗತಿಯಲ್ಲ. ಹಾಗೆಂದು ಬ್ಯಾಂಕಿನ ನಾವು ಮೂವರು ಗಿರಿಯವರನ್ನು ಬಿಡುವವರಲ್ಲ. ಸಂಜೆ ಬ್ಯಾಂಕ್ ಬಿಟ್ಟ ಮೇಲೆ ಯೂನಿಯನ್ನಿನ ಗೇಟ್ ಮೀಟಿಂಗ್, ಅಲ್ಲಿ ಕೇಳಿದ್ದನ್ನು ರಾತ್ರಿ ಖೋಲಿಯಲ್ಲಿ ಒಪ್ಪಿಸುವುದು. ತಮ್ಮ ತಮ್ಮ ಶಾಸಕರಿಗೆ, ಸಂಸದರಿಗೆ ಕಾರ್ಡ್ ಬರೆಯಿರಿ ಎಂದು ಮೀಟಿಂಗಿನಲ್ಲಿ ಹೇಳಿದ್ದರು. ನಾನು ಊರಿನ ಕಡೆಗೊಂದು, ಮುಂಬಯಿಗೊಂದು, ಎರಡು ಕಾರ್ಡ್ ಬರೆದೆ. ಯಾವುದಕ್ಕೂ ಉತ್ತರ ಬರಲಿಲ್ಲ, ಬರುತ್ತದೆಂದು ಕಾದವನೂ ಅಲ್ಲ.

ಅಂದ ಹಾಗೆ, ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು 1967ರಲ್ಲಿ ಸೋಲಿಸಿದ್ದು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಟ್ಯಾಕ್ಸಿಯವರ, ಮುನಿಸಿಪಾಲಿಟಿ ಕಾರ್ಮಿಕರ ಸಂಘಟನೆಯಿಂದ ಬೆಳೆದ ಮನುಷ್ಯ. ಮುಂಬಯಿಯ ದೊರೆ ಎನಿಸಿಕೊಂಡ ಪಾಟೀಲರು ಸೋಲಬಹುದು ಎಂದು ಕಣ್ಣಾರೆ ಕಂಡ ಮೇಲೆ ಸಿಂಡಿಕೇಟಿನ ಭಯ ಇಲ್ಲಿಯ ಕೆಲಸಗಾರರಿಗೆ ಅರ್ಧ ಹೋಗಿತ್ತು. ಅವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಅತ್ತ ದಿಲ್ಲಿಯಲ್ಲಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿ, ನಿಮ್ಮ ಎರಡನೇ ಆಯ್ಕೆಯ ಓಟು ರೆಡ್ಡಿಯವರಿಗೆ ಕೊಡಿ ಎಂದು ಕೇಳಿದರು. ಇದೇ ನೆಪವಾಗಿ ಇಂದಿರಾ ಬಣ, ಪಕ್ಷದ ಅಭ್ಯರ್ಥಿಗೇ ಓಟು ಹಾಕಿ ಎಂದು ಕಟ್ಟಪ್ಪಣೆ ಕೊಡಲು ಒಪ್ಪಲಿಲ್ಲ. ಮತದಾನದ ಹಿಂದಿನ ದಿನ ಹೊರಬಿದ್ದ ಕರೆ ಪ್ರಸಿದ್ಧವಾಯಿತು: ಆತ್ಮಸಾಕ್ಷಿಯಂತೆ ಓಟು ಹಾಕಿ. ಎಡ ಪಕ್ಷಗಳು, ಡಿಎಂಕೆ, ಅಕಾಲಿದಳ ಆಗಲೇ ಗಿರಿಯವರ ಕಡೆ ಇದ್ದವು.

ಆಗಸ್ಟ್ 16ರಂದು ಮತದಾನ, 20ರಂದು ಎಣಿಕೆ. ರೇಡಿಯೋದ ಮುಂದೆ ಇಡೀ ಚಾಳು ಸೇರಿತ್ತು. ಅಂಕಿಗಳನ್ನು ಪೂರ್ತಿ ಕೊಡುತ್ತೇನೆ, ಯಾಕೆಂದರೆ ಕಥೆಯ ಜೀವ ಅದರಲ್ಲಿದೆ. ಇಲ್ಲಿ ಒಬ್ಬ ಶಾಸಕನ ಓಟಿಗೆ ಅವನ ರಾಜ್ಯದ ಜನಸಂಖ್ಯೆಗೆ ತಕ್ಕ ಬೆಲೆ. ಆ ಸಲ ಒಬ್ಬ ಸಂಸದನ ಓಟಿನ ಬೆಲೆ 576. ಸಿಂಧುವಾದ ಒಟ್ಟು ಬೆಲೆ 8,36,337. ಗೆಲ್ಲಲು ಬೇಕಾದದ್ದು 4,18,169. ಮೊದಲ ಆಯ್ಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಯಾರೂ ದಾಟಲಿಲ್ಲ! ಆಗ ಕೆಳಗಿನವರ ಎರಡನೇ ಆಯ್ಕೆಗಳನ್ನು ಹಂಚಬೇಕಾಯಿತು. ದೇಶಮುಖರ ಓಟುಗಳು ಹೆಚ್ಚಿನವು ರೆಡ್ಡಿಯವರಿಗೆ ಹೋದವು. ಕೊನೆಗೆ ಗಿರಿ 4,20,077, ರೆಡ್ಡಿ 4,05,427.

ಅಂತರ 14,650. ನಾನೇ ಕೂತು ಲೆಕ್ಕ ಹಾಕಿದ್ದೇನೆ: ಗಿರಿಯವರಿಗೆ ಓಟು ಹಾಕಿದ ಸಂಸದರಲ್ಲಿ ಬರೇ 13 ಜನ ರೆಡ್ಡಿಯವರ ಕಡೆ ಹೋಗಿದ್ದರೆ ಫಲಿತಾಂಶ ತಲೆಕೆಳಗಾಗುತ್ತಿತ್ತು. ಓಟಿಲ್ಲದವರ ಗಲಾಟೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಹೇಳುವುದು ಈ 13ರ ಲೆಕ್ಕ. ಇಂದಿರಾ ಅವರ ಚಾಣಾಕ್ಷತನ, ಎಡ ಪಕ್ಷಗಳ ಬಲ ಎಲ್ಲ ಸರಿ. ಆದರೆ ಪಕ್ಷದ ಅಧ್ಯಕ್ಷರ ಮಾತು ಮೀರಿ ಓಟು ಹಾಕುವ ಕಾಂಗ್ರೆಸ್ಸಿಗನಿಗೆ ತನ್ನ ಕ್ಷೇತ್ರದ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಗೊತ್ತಿರಬೇಕಲ್ಲವೇ? ಬೀದಿಯಲ್ಲಿ ನಿಂತವರು, ಕಾರ್ಡ್ ಬರೆದವರು ಅವನಿಗೆ ಆ ಧೈರ್ಯ ಕೊಟ್ಟರು. ಹದಿಮೂರು ಜನರಿಗೆ ಧೈರ್ಯ ಕೊಡುವಷ್ಟು ಸದ್ದು ನಾವು ಮಾಡಿದ್ದೆವು ಎಂದೇ ನನ್ನ ನಂಬಿಕೆ.

ಆಗಸ್ಟ್ 24ರಂದು ಗಿರಿ ಪ್ರಮಾಣವಚನ ತೆಗೆದುಕೊಂಡರು. ನವೆಂಬರಿನಲ್ಲಿ ನಿಜಲಿಂಗಪ್ಪನವರ ಬಣ ಇಂದಿರಾರನ್ನೇ ಪಕ್ಷದಿಂದ ಹೊರಹಾಕಿತು, ಕಾಂಗ್ರೆಸ್ ಎರಡಾಯಿತು. 1970ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಬ್ಯಾಂಕ್ ರಾಷ್ಟ್ರೀಕರಣದ ಕಾಯಿದೆಯನ್ನು ಹೊಡೆದುಹಾಕಿದಾಗ ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಅದಕ್ಕೂ ಗಿರಿಯವರದ್ದೇ ಸಹಿ. ಅದೇ ವರ್ಷ ತಮ್ಮ ಚುನಾವಣೆಯ ವಿರುದ್ಧದ ತಕರಾರಿನಲ್ಲಿ ಗಿರಿ ಸ್ವತಃ ಸುಪ್ರೀಂ ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದರು. ಅಧಿಕಾರದಲ್ಲಿದ್ದ ರಾಷ್ಟ್ರಪತಿಯೊಬ್ಬರು ಸಾಕ್ಷಿಯಾದದ್ದು ಅದೇ ಮೊದಲು. ತಕರಾರು ಬಿದ್ದುಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಸಿಹಿಯಾದ ಕಥೆ. ಆದರೆ ಇತಿಹಾಸ ಅಲ್ಲಿಗೆ ನಿಲ್ಲಲಿಲ್ಲ.

1974ರ ಮೇ 8ರಂದು ದೇಶದ ರೈಲುಗಳು ನಿಂತವು. ಲಕ್ಷಗಟ್ಟಲೆ ರೈಲ್ವೆ ನೌಕರರ ಆ ಮುಷ್ಕರಕ್ಕೆ ನಾಯಕರು ಅದೇ ಜಾರ್ಜ್ ಫೆರ್ನಾಂಡಿಸ್, ಸಂಘಟನೆ ಅದೇ ಅಖಿಲ ಭಾರತ ರೈಲ್ವೆ ಕಾರ್ಮಿಕರ ಫೆಡರೇಶನ್. ರಾಷ್ಟ್ರಪತಿ ಭವನದಲ್ಲಿ ಅದೇ ಗಿರಿ! ಸಾವಿರಾರು ಜನರನ್ನು ಜೈಲಿಗೆ ಹಾಕಿದರು, ಕ್ವಾರ್ಟರ್ಸ್‌ನಿಂದ ಸಂಸಾರ ಸಮೇತ ಹೊರಹಾಕಿದರು. ಇಪ್ಪತ್ತು ದಿನದಲ್ಲಿ ಮುಷ್ಕರ ಮುರಿದುಬಿತ್ತು. ಮುಂಬಯಿಯ ಲೋಕಲ್ ಗಾಡಿಗಳ ಪ್ಲಾಟ್‌ಫಾರ್ಮುಗಳು ಆ ದಿನಗಳಲ್ಲಿ ಬಿಕೋ ಎನ್ನುತ್ತಿದ್ದುದನ್ನು ನಾನು ಮರೆತಿಲ್ಲ. 1954ರಲ್ಲಿ ಬ್ಯಾಂಕಿನವರಿಗಾಗಿ ಕುರ್ಚಿ ಬಿಟ್ಟ ಮನುಷ್ಯ ಈ ಸಲ ಏನಾದರೂ ಮಾಡಿಯಾರು ಎಂದು ಕಾದವರಿದ್ದರು. ಸಂವಿಧಾನದ ಪ್ರಕಾರ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು, ಅದು ಸರಿ. ಮಂತ್ರಿಗೆ ಇದ್ದ ರಾಜೀನಾಮೆಯ ದಾರಿ ರಾಷ್ಟ್ರಪತಿಗೂ ಇರುತ್ತದೆ, ಅದೂ ಸರಿ. ಗಿರಿ ತಮ್ಮ ಅವಧಿ ಪೂರ್ತಿ ಮಾಡಿ ಆಗಸ್ಟಿನಲ್ಲಿ ನಿವೃತ್ತರಾದರು. 1975ರಲ್ಲಿ ಅವರಿಗೆ ಭಾರತ ರತ್ನ ಬಂತು.

ಅದೇ 1975ರ ಜೂನಿನಲ್ಲಿ, ಅಲಹಾಬಾದ್ ಹೈಕೋರ್ಟಿನ ತೀರ್ಪಿನ ನಂತರ, ಸಫ್ದರ್‌ಜಂಗ್ ರಸ್ತೆಯ ಅದೇ ಮನೆಯ ಮುಂದೆ ಮತ್ತೆ ಜನ ಸೇರಿದರು. ಈ ಸಲ ದಿಲ್ಲಿಯ ಸರಕಾರಿ ಬಸ್ಸುಗಳಲ್ಲಿ ತಂದು ಇಳಿಸಿದ್ದು ಎಂಬುದು ಆಮೇಲೆ ಶಾ ಆಯೋಗದ ವಿಚಾರಣೆಯಲ್ಲಿ ಬಯಲಾಯಿತು. ಜನ ತಾವಾಗಿ ಬಂದಾಗ ಸಿಕ್ಕ ಬಲದ ರುಚಿ ಹತ್ತಿದರೆ, ಅವರು ಬಾರದಿದ್ದಾಗ ಬಸ್ಸು ಕಳಿಸಬೇಕಾಗುತ್ತದೆ.

ಇನ್ನೊಂದು ಬಾಗಿಲೂ 1974ರಲ್ಲೇ ಮುಚ್ಚಿತು. ಅಲ್ಲಿಯವರೆಗೆ ಒಬ್ಬ ಸೂಚಕ, ಒಬ್ಬ ಅನುಮೋದಕ ಸಿಕ್ಕಿದರೆ ಯಾರು ಬೇಕಾದರೂ ರಾಷ್ಟ್ರಪತಿ ಚುನಾವಣೆಗೆ ನಿಲ್ಲಬಹುದಿತ್ತು. ಚೌಧರಿ ಹರಿರಾಮ್ ಎಂಬವರು 1952, 1957, 1962ರ ಮೂರೂ ಚುನಾವಣೆಗಳಲ್ಲಿ ನಿಂತರು. 1962ರಲ್ಲಿ ರಾಧಾಕೃಷ್ಣನ್ ಅವರ 5,53,067ರ ಎದುರು ಅವರಿಗೆ 6,341. 1969ರ 15 ಅಭ್ಯರ್ಥಿಗಳ ಪಟ್ಟಿಯಲ್ಲೂ ಅವರ ಹೆಸರಿದೆ. 1967ರಲ್ಲಿ 17 ಜನ ನಿಂತಿದ್ದರು, ಅದರಲ್ಲಿ ಒಂಬತ್ತು ಜನರಿಗೆ ಸೊನ್ನೆ. ಸೂಚಿಸಿದವನೂ ಓಟು ಹಾಕಿರಲಿಲ್ಲ ಎಂದಾಯಿತು! ಇದು ತಮಾಷೆಯಾಯಿತೆಂದು 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು, 2,500 ರೂಪಾಯಿ ಠೇವಣಿ ಎಂದು ಕಾನೂನಾಯಿತು. 1997ರಲ್ಲಿ ಅದು ಐವತ್ತು, ಐವತ್ತು ಮತ್ತು 15,000 ರೂಪಾಯಿ ಆಯಿತು. 1977ರಲ್ಲಿ 37 ಜನ ನಾಮಪತ್ರ ಹಾಕಿದರು, 36 ತಿರಸ್ಕೃತವಾದವು, ಉಳಿದವರು ಅವಿರೋಧವಾಗಿ ಗೆದ್ದರು. ಆ ಉಳಿದವರು ಯಾರು ಗೊತ್ತೇ? 1969ರಲ್ಲಿ ಸೋತ ಸಂಜೀವ ರೆಡ್ಡಿ! ದಾವಣಗೆರೆಯ ಅಣ್ಣ ಅಷ್ಟು ಹೊತ್ತಿಗೆ ಊರು ಸೇರಿದ್ದರು. ಇಲ್ಲವಾದರೆ ಖೋಲಿಯಲ್ಲಿ ಅವತ್ತು ಸಿಹಿ ಹಂಚುತ್ತಿದ್ದರೋ ಏನೋ.

ಆಮೇಲೆ ಜನ ಒಬ್ಬ ಅಭ್ಯರ್ಥಿಗಾಗಿ ಹಾಗೆ ಆಸೆಪಟ್ಟದ್ದು ನಾನು ಕಂಡಂತೆ ಅಬ್ದುಲ್ ಕಲಾಂ ಅವರಿಗೆ. 2007ರಲ್ಲಿ ಅವರು ಎರಡನೇ ಸಲ ರಾಷ್ಟ್ರಪತಿ ಆಗಲಿ ಎಂದು ಎಸ್ಸೆಮ್ಮೆಸ್, ಈಮೇಲುಗಳು ಓಡಾಡಿದವು. 2012ರಲ್ಲಿ ಫೇಸ್‌ಬುಕ್ಕಿನಲ್ಲಿ ಮತ್ತೆ ಅದೇ ಕೂಗು. ಗೆಲ್ಲುವಷ್ಟು ಓಟು ಪಕ್ಷಗಳಲ್ಲಿ ಇಲ್ಲವೆಂದು ಕಂಡು ಎರಡೂ ಸಲ ಅವರೇ ಹಿಂದೆ ಸರಿದರು. 1969ರಲ್ಲಿ ಪಕ್ಷವೇ ಒಡೆದು ನಿಂತಿದ್ದರಿಂದ ನಮ್ಮ ಸದ್ದು ಒಳಗೆ ನುಗ್ಗಲು ಒಂದು ಬಿರುಕು ಇತ್ತು. ಕಲಾಂ ಅವರ ಅಭಿಮಾನಿಗಳಿಗೆ ಆ ಬಿರುಕು ಸಿಗಲಿಲ್ಲ.

ಕೊನೆಗೊಂದು ಲೆಕ್ಕದ ವಿಷಯ ಹೇಳಿ ಮುಗಿಸುತ್ತೇನೆ. ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕರ ಓಟಿನ ಬೆಲೆ ಕಟ್ಟುವುದು ಇವತ್ತಿಗೂ 1971ರ ಜನಗಣತಿಯ ಮೇಲೆ. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೂ ಹಾಗೆಯೇ ಎಂದು ಸಂವಿಧಾನ ಹೇಳುತ್ತದೆ. ಕರ್ನಾಟಕದ ಶಾಸಕರ ಓಟಿಗೆ 131, ಮಹಾರಾಷ್ಟ್ರದ ಶಾಸಕರ ಓಟಿಗೆ 175. 1971ರಲ್ಲಿ ಗಣತಿಯವರು ನಮ್ಮ ಚಾಳಿಗೆ ಬಂದು ಖೋಲಿಯ ಎಂಟೂ ತಲೆ ಎಣಿಸಿಕೊಂಡು ಹೋಗಿದ್ದರು. ಅಂದರೆ ದಾವಣಗೆರೆಯ ಆ ಅಣ್ಣ ಮತ್ತು ನಾನು ಅಂದಿನಿಂದ ಮಹಾರಾಷ್ಟ್ರದ 175ರ ಒಳಗಿದ್ದೇವೆ. ಅಣ್ಣ ಊರಿಗೆ ಹೋಗಿ ಕರ್ನಾಟಕದ ಮತದಾರರಾದರೂ ಈ ಲೆಕ್ಕದಲ್ಲಿ ಇನ್ನೂ ಇಲ್ಲಿಯವರೇ! ಆಮೇಲೆ ಹುಟ್ಟಿದ ನನ್ನ ಮಕ್ಕಳು, ಮೊಮ್ಮಕ್ಕಳು ಈ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಮನೆಯಲ್ಲಿ ಆ ಗಣತಿಗೆ ಸಿಕ್ಕ ಹಿರಿಯರು ಇದ್ದರೆ ಒಮ್ಮೆ ಕೇಳಿ ನೋಡಿ, 1969ರಲ್ಲಿ ಅವರು ಯಾರ ಕಡೆ ಇದ್ದರು ಎಂದು.